ಗಣಪ ತ್ರಿಭುಜದ ಪ್ರಮೇಯ

ಹೊಳಿಹಿತ್ತಲ, ತಾ. ಖಾನಾಪುರ
೪ ಜೂನ್ ೧೯೭೮, ರವಿವಾರ

ಚಿ. ಸುಗರಾಳಿಗೆ ತ್ರ್ಯಂಬಕ ಮಾಸ್ತರನ ಆಶೀರ್ವಾದ.

ನಿನ್ನ ಅತ್ತೆಯ ಕಾಲಿನ ಪ್ಲಾಸ್ಟರ್ ತೆಗೆದರೋ ಇಲ್ಲವೋ? ಮೊದಲೇ ಕೇಳಿಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ನನ್ನ ಗೋಳು.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಬಂತು ಅನ್ನಲೋ, ಬರಲಿಲ್ಲ ಅನ್ನಲೋ, ಅದೇ ತಿಳಿಯದಾಗಿದೆ. ಶುಕ್ರವಾರ ನಮ್ಮ ಹೆಡ್‌ಮಾಸ್ತರ ಅವಧೂತರಾಯರು ಖಾನಾಪುರಕ್ಕೆ ಹೋಗಿ ಪಟ್ಟಿ ತಂದರು. ಹುಡುಗರು ಬಸ್ ನಿಲ್ಲುವ ಕಟ್ಟೆಯ ಮೇಲೆ ಮುಂಜಾನೆಯಿಂದ ಕೂತಿದ್ದರು. ಇಬ್ಬರು ಹುಡುಗರ ಕೈಯಲ್ಲಿ ಪೇಢೆಯ ಪೊಟ್ಟಣ ಬೇರೆ! ರಾಯರು ಇಳಿದರು, ಯಾರ ಮುಖವನ್ನೂ ನೋಡದೆ ಪಟ್ಟಿ ನನ್ನ ಕೈಗಿಟ್ಟರು. ಮೂವತ್ತೇಳು ನಂಬರು. ಮೂವತ್ತೇಳರ ಮುಂದೆಯೂ ಒಂದೇ ಮಾತು: ತಡೆಹಿಡಿಯಲಾಗಿದೆ.

ಪಾಸಾದರೆ ಪೇಢೆ ಹಂಚಬಹುದು. ನಪಾಸಾದರೆ ಅತ್ತು ಹಗುರಾಗಬಹುದು. ತಡೆಹಿಡಿದರೆ ಮನುಷ್ಯ ಏನು ಮಾಡಬೇಕು, ನೀನೇ ಹೇಳು. ಹುಡುಗರು ಅಳಲಿಲ್ಲ, ನಗಲಿಲ್ಲ, ನನ್ನ ಬಾಯಿ ನೋಡುತ್ತ ನಿಂತರು. ಹಂಚಿನ ಕಾರ್ಖಾನೆಯ ಉಳವಪ್ಪ ಗೊತ್ತಲ್ಲ, ಅವನು ಮುಂದೆ ಬಂದು ಕೇಳಿದ: "ತಡದಾರಂದ್ರ ಯಾರು ತಡದಾರ್ರೀ ಮಾಸ್ತರ? ಎಲ್ಲಿ ತಡದಾರ? ಹೇಳ್ರಿ, ನಾ ಹೋಗಿ ಬಿಡಿಸಿಕೊಂಡ ಬರತೇನಿ." ಪಾಪ, ಅವನ ಎಮ್ಮೆಯನ್ನು ಯಾರೋ ಕೊಂಡವಾಡೆಯ ದೊಡ್ಡಿಗೆ ಕೂಡಿಹಾಕಿದ್ದಾರೆ ಅನ್ನುವ ಹಾಗೆ. ನಗು ಬಂತು, ನಗಲಾಗಲಿಲ್ಲ.

ಅವನ ಮಗಳು ಫಕೀರವ್ವ ಈ ಸಲದ ತಂಡಕ್ಕೇ ಮೊದಲಿನವಳು. ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಿದ್ದಾಳೆ. ಜುಲೈ ಇಪ್ಪತ್ತಕ್ಕೆ ಬೆಳಗಾವಿಯಲ್ಲಿ ಸಂದರ್ಶನ, ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಆ ಹುಡುಗಿಗೆ ಇದೊಂದೇ ಹಾದಿ. ಅವಳ ಸಲುವಾಗಿಯಾದರೂ ಇದು ಬೇಗ ಬಗೆಹರಿಯಬೇಕು.

ನನಗಂತೂ ಇರುಳು ಕಂಡ ಬಾವಿಗೆ ಹಗಲು ಬಿದ್ದ ಹಾಗಾಗಿದೆ. ಹದಿನಾರು ವರ್ಷದ ಕೆಳಗೆ ನಾನು ಮಾಸ್ತರನಾಗಿ ಈ ಸಾಲಿಗೆ ಬಂದಾಗ ಹತ್ತೊಂಬತ್ತರಲ್ಲಿ ಇಬ್ಬರು ಪಾಸಾಗಿದ್ದರು. ಹೋದ ವರ್ಷ ಮೂವತ್ತಾರರಲ್ಲಿ ಮೂವತ್ತೊಂದು, ಗಣಿತದಲ್ಲಿ ತಾಲೂಕಿಗೇ ಮೊದಲು. ನನ್ನ ಪದ್ಧತಿ ನಿನಗೆ ಗೊತ್ತು. ಬೆಳಿಗ್ಗೆ ಏಳಕ್ಕೆ ಬಂದು ಎಲ್ಲರೂ ಕೂಡಿ ಪ್ರಮೇಯಗಳನ್ನು ರಾಗವಾಗಿ ಒಪ್ಪಿಸಬೇಕು. ತಿಳಿಯದಿದ್ದರೆ ಚಿಂತೆಯಿಲ್ಲ, ತಪ್ಪಬಾರದು. ನೀನೂ ಅದೇ ಮೂಸೆಯಲ್ಲಿ ತಯಾರಾದವಳು.

ಈ ಸಲ ನೀನು ಗಣಿತದ ಪೇಪರ್ ತಿದ್ದಲು ಹೋಗಿದ್ದೆಯಲ್ಲ. ಅಲ್ಲಿಯ ಪರೀಕ್ಷಾ ಮಂಡಳಿಯ ಕಚೇರಿಯಲ್ಲಿ ನಾಲ್ಕು ಜನರ ಗುರುತಿರಬೇಕು. ಏನಾಗಿದೆ, ಸ್ವಲ್ಪ ವಿಚಾರಿಸಿ ಬರೆ. ವಿಚಾರಣೆ ಮುಗಿಯುವ ತನಕ ಊರು ಬಿಡಬಾರದೆಂದು ಮಾಸ್ತರರಿಗೆಲ್ಲ ಹುಕುಂ ಆಗಿದೆ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ತ್ರ್ಯಂಬಕ ಹುದ್ದಾರ


ಬೆಳಗಾವಿ
೮ ಜೂನ್ ೧೯೭೮

ಪೂಜ್ಯ ಗುರುಗಳಿಗೆ ಸುಗರಾಳ ಸಲಾಮು.

ಅತ್ತೆಯ ಪ್ಲಾಸ್ಟರ್ ಇನ್ನೂ ಇದೆ. ಹದಿನೈದು ದಿನ ಬೇಕಂತೆ. ಕಾಲಿಗಿಂತ ಬಾಯಿ ಹೆಚ್ಚು ನಡೆಯುತ್ತಿದೆ, ಅಂದರೆ ಗುಣವಾಗುತ್ತಿದ್ದಾರೆ.

ನಿನ್ನೆ ಸಾಲಿ ಬಿಟ್ಟ ಮೇಲೆ ಕಚೇರಿಗೆ ಹೋಗಿದ್ದೆ. ಕಿಟಕಿಯಲ್ಲಿದ್ದ ಕಾರಕೂನರು ಮೊದಲು ಸುತ್ತ ನೋಡಿದರು. ಆಮೇಲೆ ಹೇಳಿದರು: "ಗಣಿತದಾಗ ಏನೋ ಭಾನಗಡಿ ಆಗೇತಿ ಬಾಯಾರ. ಒಬ್ಬ ಅಧಿಕಾರಿ ನಿಮ್ಮ ಊರಿಗಿ ಬರತಾರ. ಅದಕ್ಕಿಂತ ಹೆಚ್ಚ ನನ್ನ ಕೇಳಬ್ಯಾಡ್ರಿ." ಅಷ್ಟೇ ತಿಳಿದದ್ದು.

ತಿದ್ದುವ ಕಡೆ ನಮಗೆ ಬರೀ ಗುಪ್ತ ಸಂಖ್ಯೆ ಕೊಟ್ಟಿರುತ್ತಾರೆ. ಯಾವ ಸಾಲಿಯ ಪೇಪರು ಯಾರ ಮುಂದೆ ಬಂತೆಂದು ಯಾರೂ ಹೇಳಲಾರರು. ನಾನಂತೂ ಹೇಳಲಾರೆ.

ಗುರುಗಳೇ, ನೀವು ಇದನ್ನು ಮನಸ್ಸಿಗೆ ಬಹಳ ಹಚ್ಚಿಕೊಳ್ಳಬೇಡಿ. ಬಿಪಿ ಗುಳಿಗೆ ತಪ್ಪಿಸಬೇಡಿ. ನಾನೇ ಒಂದು ರವಿವಾರ ಬರುತ್ತಿದ್ದೆ, ಅತ್ತೆಯನ್ನು ಬಿಟ್ಟು ಬರುವ ಹಾಗಿಲ್ಲ. ಫಕೀರವ್ವನಿಗೆ ಧೈರ್ಯ ಹೇಳಿ. ಆ ಹುಡುಗಿಯದು ಏನೂ ತಪ್ಪಿರಲಾರದು.

ನಿಮ್ಮ ವಿದ್ಯಾರ್ಥಿನಿ,
ಸುಗರಾ


ಹೊಳಿಹಿತ್ತಲ
೧೫ ಜೂನ್ ೧೯೭೮

ಚಿ. ಸುಗರಾ,

ಬಂದರಪ್ಪಾ ಅಧಿಕಾರಿ! ಎರಡು ದಿನ ಒಂಬತ್ತನೆಯ ಇಯತ್ತೆಯ ಖೋಲಿಯಲ್ಲಿ ಕೂತು, ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ತಾಯಂದಿರು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಸಾಲಿಯೋ ಪೋಲೀಸ್ ಚೌಕಿಯೋ ಗೊತ್ತಾಗದ ಹಾಗಾಗಿತ್ತು.

ವಿಷಯ ಇಷ್ಟು: ಹದಿನಾಲ್ಕನೆಯ ಪ್ರಶ್ನೆ, ಐದು ಅಂಕದ್ದು. ತ್ರಿಭುಜದ ಎರಡು ಕೋನ ಸಮವಿದ್ದರೆ ಅವುಗಳ ಎದುರಿನ ಬಾಹುಗಳೂ ಸಮ ಎಂದು ಸಾಧಿಸುವ ಪ್ರಮೇಯ. ಅದರಲ್ಲಿ ಮೂವತ್ತೇಳು ಮಕ್ಕಳೂ ಒಂದೇ ತಪ್ಪು ಮಾಡಿದ್ದಾರಂತೆ. ಅಕ್ಷರಕ್ಕೆ ಅಕ್ಷರ ಒಂದೇ. ಅಂದಮೇಲೆ ಸಾಮೂಹಿಕ ನಕಲು. ಒಪ್ಪಿಕೊಂಡವರಿಗೆ ಎರಡು ವರ್ಷ ಪರೀಕ್ಷೆ ಬಂದ್. ಯಾರೂ ಒಪ್ಪದಿದ್ದರೆ ಎಲ್ಲರಿಗೂ ಬಂದ್.

ಒಂದು ತಪ್ಪು ಮೂವತ್ತೇಳು ಸಲ! ಸುಗರಾ, ನಾನು ಕಲಿಸಿದ ಪ್ರಮೇಯದಲ್ಲಿ ತಪ್ಪು ಎಲ್ಲಿಂದ ಬರಬೇಕು? ರಾತ್ರಿ ನೋಟ್ಸು ತೆಗೆದು ಮೂರು ಸಲ ಓದಿದೆ. ಚೊಕ್ಕ ಬಂಗಾರ. ನನ್ನ ನೋಟ್ಸಿನಂತೆ ಬರೆದಿದ್ದರೆ ಐದಕ್ಕೆ ಐದು ಬೀಳಬೇಕು. ಅಂದರೆ ಮಕ್ಕಳು ನನ್ನ ನೋಟ್ಸು ಬಿಟ್ಟು ಬೇರೆಲ್ಲಿಂದಲೋ ಎತ್ತಿದ್ದಾರೆ. ಖಾನಾಪುರದ ಸೆಂಟರಿನಲ್ಲಿ ಹೊರಗಿನಿಂದ ಚೀಟಿ ಬಂದಿರಬೇಕು. ನೀರು ಕೊಡುವ ಕೆಲಸಕ್ಕೆ ನಮ್ಮ ಜವಾನ ಕಲ್ಲಯ್ಯನನ್ನೇ ಹಾಕಿದ್ದರು. ಅವನನ್ನು ಹಿಡಿದು ಕೇಳಿದೆ. "ಮಾಸ್ತರ, ನನಗ ಅಕ್ಷರನ ಬರೂದಿಲ್ಲ, ನಾ ಎಂಥ ಚೀಟಿ ಒಯ್ಯಲಿ? ನೀರ ಕೊಟ್ಟೇನಿ, ಅಷ್ಟ" ಎಂದು ಅತ್ತೇಬಿಟ್ಟ.

ಮಕ್ಕಳನ್ನು ಕೇಳಿದರೆ ಎಲ್ಲರದೂ ಒಂದೇ ರಾಗ. "ನೀವು ಹೇಳಿಕೊಟ್ಟಂಗ ಬರದೇವ್ರಿ ಸರ್." ಅಧಿಕಾರಿಯ ಮುಂದೂ ಹಾಗೇ ಹೇಳಿದ್ದಾರೆ. ಅವಧೂತರಾಯರು ನನ್ನ ಕಿವಿಯಲ್ಲಿ, "ಸಿಕ್ಕ ಬಿದ್ದ ಹುಡುಗರು ಮತ್ತೇನ ಹೇಳತಾವ? ಮಾಸ್ತರ ಹೆಸರ ಹೇಳತಾವ" ಎಂದರು. ಅದೂ ಖರೇ ಅನ್ನಿಸಿತು.

ಅಧಿಕಾರಿಗೇ ನೋಟ್ಸು ತೋರಿಸಲು ಹೋದೆ. ಅವರು ಕೈಮುಗಿದರು: "ನಾ ಇತಿಹಾಸದಂವ ಇದ್ದೇನ್ರಿ. ಪಾಣಿಪತ್ ಕೇಳ್ರಿ ಹೇಳತೇನಿ. ತ್ರಿಭುಜ ನನಗ ತೋರಸಬ್ಯಾಡ್ರಿ." ಏನು ಹೇಳಲಿ ಇಂಥವರಿಗೆ?

ನೀನು ಬರೆದದ್ದು ಅಷ್ಟಕ್ಕಷ್ಟೇ. ಬೆಳಗಾವಿಯಿಂದ ಇಲ್ಲಿಗೆ ಒಂದೂವರೆ ತಾಸಿನ ಹಾದಿ. ಅತ್ತೆಯ ಕಾಲಿಗೆ ನೀನೇ ಪ್ಲಾಸ್ಟರ್ ಆಗಿದ್ದೀಯೇನು? ಬಂದು ಹೋಗು.

ತ್ರ್ಯಂಬಕ ಮಾಸ್ತರ


ಬೆಳಗಾವಿ
೧೮ ಜೂನ್ ೧೯೭೮

ಪೂಜ್ಯ ಗುರುಗಳಿಗೆ,

ನಿಮ್ಮ ಪತ್ರ ಓದಿ ಎರಡು ದಿನ ಏನು ಬರೆಯಬೇಕೆಂದು ತಿಳಿಯಲಿಲ್ಲ. ಮೂರು ಸಲ ಬರೆದು ಹರಿದೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಪ್ರಮೇಯವನ್ನು ನೀವು ಈಗಲೂ ನಮಗೆ ಕಲಿಸಿದ ರೀತಿಯಲ್ಲೇ ಕಲಿಸುತ್ತೀರಾ? ಅದೇ ನೋಟ್ಸೇ? ಈಗಿನ ಪಠ್ಯಪುಸ್ತಕದ ಸಾಧನೆಯ ಪಕ್ಕಕ್ಕೆ ನಿಮ್ಮದನ್ನು ಇಟ್ಟು ಒಂದು ಸಲ ನೋಡಿದರೆ ಹೇಗೆ? ಒಂದೊಂದು ಮೆಟ್ಟಿಲೂ ಕೂಡಿ ಬರುತ್ತದೋ ಇಲ್ಲವೋ ಅಂತ. ನನಗೇ ಅದು ಈಚೆಗೆ ಸ್ವಲ್ಪ ಮರೆತ ಹಾಗಾಗಿದೆ, ಅದಕ್ಕೆ ಕೇಳಿದೆ.

ಮಕ್ಕಳು ಸುಳ್ಳು ಹೇಳುತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ಕಲ್ಲಯ್ಯನನ್ನು ಬಿಟ್ಟುಬಿಡಿ.

ಸುಗರಾ


ಹೊಳಿಹಿತ್ತಲ
೨೨ ಜೂನ್ ೧೯೭೮

ಚಿ. ಸುಗರಾ,

ಮರೆತೆಯಾ? ಭಲೆ! ಬಿ.ಎಸ್ಸಿ. ಬಿ.ಎಡ್. ಮಾಡಿದ ಮಾಸ್ತರಬಾಯಿ, ಹಳ್ಳಿಯ ಮಾಸ್ತರನ ನೋಟ್ಸು ಕೇಳುತ್ತಿದ್ದಾಳೆ. ನಿನ್ನ ಸಾಲಿಯ ಹುಡುಗಿಯರಿಗೆ ಕಲಿಸಲು ಬೇಕೆಂದು ನೆಟ್ಟಗೆ ಕೇಳಬಾರದೇನು? ಇಷ್ಟು ದಿನದ ಕತ್ತಲೆಯಲ್ಲಿ ಅದೊಂದು ಓದಿ ಖುಷಿಯಾಯಿತು. ಪಠ್ಯಪುಸ್ತಕ ನಾನು ನೋಡುವುದಿಲ್ಲ, ಅದು ವರ್ಷಕ್ಕೊಂದು ವೇಷ ಹಾಕುತ್ತದೆ. ಇಗೋ, ಬರೆದುಕೋ.

ಗಣಪ ಒಂದು ತ್ರಿಭುಜ. (ಉಳಿದವರು ಅಬಕ ಎನ್ನುತ್ತಾರೆ. ಶುಭಕಾರ್ಯಕ್ಕೆ ಗಣಪನೇ ಮೊದಲು ಬರಬೇಕು.) ಗ ತುದಿ, ಣ ಮತ್ತು ಪ ಬುಡ. ಣ ಕೋನ, ಪ ಕೋನ ಸಮ ಎಂದು ಕೊಟ್ಟಿದೆ. ಣಪ ಗೆರೆಯ ಮಧ್ಯಬಿಂದು ತ. ಗತ ಗೆರೆ ಎಳೆ. ಗಣಪತಿ ಬಂದು ಕೂತ. ಈಗ ಎರಡು ಸಣ್ಣ ತ್ರಿಭುಜ ಆದವು. ಗತ ಎರಡಕ್ಕೂ ಸೇರಿದ್ದು. ಣತ, ಪತ ಸಮ, ತ ಮಧ್ಯಬಿಂದುವಾದ್ದರಿಂದ. ಣ ಕೋನ, ಪ ಕೋನ ಸಮ. ಎರಡು ಬಾಹು ಒಂದು ಕೋನ ಸಮವಾದ ಕಾರಣ ತ್ರಿಭುಜಗಳು ಸರ್ವಸಮ. ಆದ್ದರಿಂದ ಗಣ, ಗಪ ಸಮ. ಸಿದ್ಧವಾಯಿತು, ಸಂಶಯವಿಲ್ಲ.

ಎಷ್ಟು ಚೆಂದ ನೋಡು. ಇದನ್ನು ಬಿಟ್ಟು ಆ ಮಕ್ಕಳು ಏನು ಕೊಳೆ ಬರೆದರೋ.

ಇರಲಿ. ಇಲ್ಲಿ ಒಂದು ಹಾದಿ ಸಿಕ್ಕಿದೆ. ಸೆಂಟರಿನಲ್ಲಿ ಫಕೀರವ್ವ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತಿದ್ದಳಂತೆ. ಅವಳು ಗಡಿಬಿಡಿಯಲ್ಲಿ ಎಲ್ಲೋ ತಪ್ಪಿರಬೇಕು, ಹಿಂದಿನವರು ಅದನ್ನೇ ಎತ್ತಿಕೊಂಡಿರಬೇಕು. ಅವಧೂತರಾಯರ ಮಾತು: "ನಾನ ಎಲ್ಲಾರಿಗೂ ತೋರಿಸೇನಿ ಅಂತ ಒಬ್ಬಾಕಿ ಒಪ್ಪಿಕೊಂಡ್ರ ಮೂವತ್ತಾರು ಮಂದಿ ಉಳೀತಾರ. ನಿಮ್ಮ ಮಾತ ಆ ಹುಡುಗಿ ಮೀರೂದಿಲ್ಲ. ನೀವ ಹೇಳ್ರಿ."

ಎರಡು ರಾತ್ರಿ ನಿದ್ದೆ ಬರಲಿಲ್ಲ. ಬಂಗಾರದಂಥ ಹುಡುಗಿ. ಆದರೆ ಮೂವತ್ತಾರು ದೊಡ್ಡದೋ, ಒಂದು ದೊಡ್ಡದೋ? ಲೆಕ್ಕದ ಮಾಸ್ತರನಿಗೇ ಈ ಲೆಕ್ಕ ಬರಬೇಕೆ! ನಿನ್ನೆ ಅವಳನ್ನು ಕರೆದು ಹೇಳಿದೆ. ಅವಳು ನೆಲ ನೋಡುತ್ತ ತಲೆಯಾಡಿಸಿದಳು. ಶನಿವಾರ ಬರೆದುಕೊಡುತ್ತಾಳೆ. ಸೋಮವಾರ ರಾಯರು ಕಾಗದವನ್ನು ಬೆಳಗಾವಿಗೆ ತರುತ್ತಾರೆ.

ನಾನು ಮಾಡುವುದು ಸರಿಯಾಗಿದೆ ತಾನೇ? ನೀನು ಹೇಳಿದರೆ ಸಮಾಧಾನ.

ತ್ರ್ಯಂಬಕ ಮಾಸ್ತರ


ಬೆಳಗಾವಿ ಬಸ್ ಸ್ಟ್ಯಾಂಡ್
೨೪ ಜೂನ್ ೧೯೭೮, ಶನಿವಾರ

ಗುರುಗಳೇ,

ಬೇಡ. ಫಕೀರವ್ವನ ಕೈಯಿಂದ ಏನೂ ಬರೆಸಬೇಡಿ. ಬರೆಸಿದ್ದರೆ ಹರಿದುಹಾಕಿ.

ನಿಮ್ಮ ಪತ್ರ ಇವತ್ತು ಹನ್ನೊಂದಕ್ಕೆ ಬಂತು. ಅತ್ತೆಗೆ ನೀರು ಕೂಡ ಕೊಡದೆ ಓಡಿಬಂದೆ. ಖಾನಾಪುರದ ಬಸ್ ಹತ್ತಿ ಕೂತೆ, ಮತ್ತೆ ಇಳಿದೆ. ನಿಮ್ಮ ಎದುರು ನಿಂತು ಹೇಳಲು ನನ್ನಿಂದ ಆಗುವುದಿಲ್ಲ. ಇಲ್ಲೇ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆಯ ವಸ್ತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ಅವರು ನಿಮ್ಮ ಊರಲ್ಲೇ ಮಲಗುತ್ತಾರಂತೆ.

ಮಕ್ಕಳು ನಕಲು ಮಾಡಿಲ್ಲ. ಚೀಟಿ ಬಂದಿಲ್ಲ. ಅವರು ನೀವು ಕಲಿಸಿದ್ದನ್ನೇ ಬರೆದಿದ್ದಾರೆ. ತಪ್ಪಿರುವುದು ನಿಮ್ಮ ನೋಟ್ಸಿನಲ್ಲಿ.

ಎರಡು ಬಾಹು, ಒಂದು ಕೋನ ಸಮವಾದರೆ ಸಾಲದು. ಆ ಕೋನ ಆ ಎರಡು ಬಾಹುಗಳ ನಡುವೆ ಇರಬೇಕು. ಗತ ಮತ್ತು ಣತ ಇವುಗಳ ನಡುವೆ ಇರುವುದು ತ ಹತ್ತಿರದ ಕೋನ. ನೀವು ತೆಗೆದುಕೊಂಡದ್ದು ಮೂಲೆಯ ಣ ಕೋನ. ಹಾಗೆ ತೆಗೆದುಕೊಂಡರೆ ಅದೇ ಅಳತೆಗೆ ಎರಡು ಬೇರೆಬೇರೆ ತ್ರಿಭುಜ ಬಿಡಿಸಬಹುದು, ಸರ್ವಸಮ ಎನ್ನಲು ಬರುವುದಿಲ್ಲ. ಗತ ಗೆರೆಯನ್ನು ಮಧ್ಯಬಿಂದುವಿಗೆ ಎಳೆಯುವ ಬದಲು ಗ ಕೋನವನ್ನು ಸಮನಾಗಿ ಸೀಳುವಂತೆ ಎಳೆದಿದ್ದರೆ ಎಲ್ಲ ಸರಿಹೋಗುತ್ತಿತ್ತು.

ನನಗೆ ಇದು ಹತ್ತು ವರ್ಷದಿಂದ ಗೊತ್ತು. ನಮ್ಮ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲಿಲ್ಲ, ಆಮೇಲೂ ಈ ವರ್ಷದ ತನಕ ಬಂದಿರಲಿಲ್ಲ, ಉಳಿದೆವು. ಕಾಲೇಜಿನ ಮೊದಲ ವರ್ಷ ಪ್ರೊಫೆಸರರು ಬೋರ್ಡಿಗೆ ಕರೆದರು. ಗಣಪನನ್ನು ಬಿಡಿಸಿದೆ, ರಾಗವಾಗಿ ಒಪ್ಪಿಸಿದೆ. ತರಗತಿಗೆ ತರಗತಿಯೇ ನಕ್ಕಿತು. "ಯಾರವ್ವಾ ನಿಂಗ ಇದನ್ನ ಕಲಿಸಿದ ಮಹಾನುಭಾವ?" ಎಂದರು. ನಿಮ್ಮ ಹೆಸರು ಹೇಳಲಿಲ್ಲ. ನಾನೇ ಮರೆತೆ ಎಂದೆ. ಆ ರಜೆಯಲ್ಲಿ ನಿಮಗೆ ಹೇಳಲೆಂದೇ ಬಂದಿದ್ದೆ. ನೀವು ಓಣಿಯ ಜನರನ್ನೆಲ್ಲ ಕರೆದು, "ನೋಡ್ರಿ, ನಮ್ಮ ಕಾಸಿಮಸಾಬನ ಮಗಳು ಬಿ.ಎಸ್ಸಿ. ಓದತಾಳ" ಎಂದು ತೋರಿಸಿದಿರಿ. ಏಳನೆಯ ಇಯತ್ತೆಗೆ ಸಾಲಿ ಬಿಡಿಸಲಿದ್ದ ಅಬ್ಬಾನ ಎದುರು ಚಾಪೆಯ ಮೇಲೆ ಕೂತು, ಹೂಂ ಅನ್ನುವ ತನಕ ಏಳದಿದ್ದವರು ನೀವು. ನಿಮಗೆ ನಾನು ಹೇಗೆ ಹೇಳಲಿ?

ಇನ್ನೊಂದಿದೆ. ತಿದ್ದುವ ಕಡೆ ನನ್ನ ಪಕ್ಕದ ಮೇಜಿನಲ್ಲಿ ಗಂಗೂಬಾಯಿ ಎಂಬ ಹಿರಿಯ ಶಿಕ್ಷಕಿ ಇದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಅವರು ಪೇಪರು ಎತ್ತಿ ಹಿಡಿದು, "ಅಯ್ಯ, ಇಲ್ಲಿ ನೋಡ್ರಿ, ಇದ ಇಪ್ಪತ್ತನೇ ಗಣಪತಿ ಬಂತು! ಸಂಶಯವಿಲ್ಲ ಅಂತ!" ಎಂದು ಓದಿದರು. ಎಲ್ಲರೂ ನಕ್ಕರು. ಅವು ನಮ್ಮ ಸಾಲಿಯವೆಂದು ಆ ಕ್ಷಣಕ್ಕೇ ಗೊತ್ತಾಯಿತು. 'ಇದು ನಕಲಲ್ಲ, ನಮ್ಮ ಮಾಸ್ತರರು ಹೀಗೇ ಕಲಿಸುತ್ತಾರೆ' ಎಂದು ನಾನೊಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ನಾನೂ ನಕ್ಕೆ ಗುರುಗಳೇ.

ನನ್ನ ತಪ್ಪು ನಿಮ್ಮದಕ್ಕಿಂತ ದೊಡ್ಡದು. ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತೆ ಆ ಹುಡುಗಿಗೆ ಬರೆ ಹಾಕಬೇಡಿ.

ಸುಗರಾ


(ಅಂಚೆ ಕಾರ್ಡು)
ಹೊಳಿಹಿತ್ತಲ, ೨೪ ಜೂನ್ ೧೯೭೮

ಚಿ. ಸುಗರಾ, ಫಕೀರವ್ವ ಇವತ್ತು ಮಧ್ಯಾಹ್ನ ಸಹಿ ಹಾಕಿದಳು. ಅಕ್ಷರ ಎಂದಿನಂತೆ ಮುತ್ತಿನ ಹಾಗೆ. ಉಳವಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಉಳಿದ ಮೂವತ್ತಾರು ಮಕ್ಕಳು ದಡ ಸೇರುತ್ತಾರೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೇನೆ. ನಿನ್ನ ಪತ್ರದ ಹಾದಿ ನೋಡುತ್ತಿದ್ದೇನೆ. ತ್ರ್ಯಂ.


ಬೆಳಗಾವಿ
೪ ಜುಲೈ ೧೯೭೮

ಪೂಜ್ಯ ಗುರುಗಳಿಗೆ,

ನಿಮ್ಮ ಕಾರ್ಡು ಬಂತು. ಅದು ನನ್ನ ಪತ್ರ ಮುಟ್ಟುವ ಮೊದಲು ಬರೆದದ್ದೆಂದು ತಿಳಿಯಿತು. ಆಮೇಲೆ ಹತ್ತು ದಿನ ಒಂದು ಸಾಲೂ ಇಲ್ಲ. ಕಂಡಕ್ಟರನನ್ನು ಹುಡುಕಿ ಕೇಳಿದೆ. "ಅವರ ಕೈಯಾಗನ ಕೊಟ್ಟೇನ್ರಿ, ನಿಂತ ಜಾಗಾದಾಗ ಓದಿದ್ರು" ಎಂದ.

ನಿನ್ನೆ ನಾನೇ ಕಚೇರಿಗೆ ಹೋದೆ. ಒಳಗೆ ಕರೆದರು, ಕುರ್ಚಿ ಕೊಟ್ಟರು. "ಏನ್ ಹೇಳಬೇಕಾಗಿತ್ರಿ?" ಎಂದರು. ನಿಮ್ಮ ಹೆಸರು ನಾಲಿಗೆಯ ತುದಿಯ ತನಕ ಬಂದು ನಿಂತಿತು. ನನ್ನ ಬದಲಿಯ ಅರ್ಜಿಯ ಬಗ್ಗೆ ಏನೋ ಕೇಳಿ ಎದ್ದು ಬಂದೆ. ಥೂ ಎಂದು ನನ್ನನ್ನು ನಾನೇ ಬೈದುಕೊಂಡೆ.

ಶುಕ್ರವಾರ ಮತ್ತೆ ಹೋಗುತ್ತೇನೆ. ಈ ಸಲ ಬರೆದುಕೊಂಡೇ ಹೋಗುತ್ತೇನೆ. ನೀವು ನನ್ನನ್ನು ಬೈಯಿರಿ, ಇನ್ನು ಮೇಲೆ ಮನೆಯ ಹೊಸ್ತಿಲು ತುಳಿಯಬೇಡ ಅನ್ನಿ. ಆದರೆ ಬರೆಯಿರಿ. ಇಪ್ಪತ್ತನೆಯ ತಾರೀಖು ಹತ್ತಿರ ಬಂತು.

ಸುಗರಾ


ಹೊಳಿಹಿತ್ತಲ
೨೩ ಜುಲೈ ೧೯೭೮

ಸುಗರಾ,

ನೀನು ಶುಕ್ರವಾರ ಕಚೇರಿಗೆ ಹೋದಾಗ ಅವರು, "ನಿಮ್ಮ ಮಾಸ್ತರ ನಿನ್ನೇನ ಬಂದ ಹೋದ್ರು" ಎಂದರಂತೆ. ಆಮೇಲೆ ತಿಳಿಯಿತು. ಬೆಳಗಾವಿಗೆ ಬಂದೂ ನಿನ್ನ ಮನೆಗೆ ಬರಲಿಲ್ಲ. ನಿನ್ನ ಓಣಿಯ ಬಾಯಿಗೆ ಬಂದು ಪಾನಿನ ಅಂಗಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದೆ. ನಿನ್ನ ಮೇಲೆ ಅಷ್ಟು ಸಿಟ್ಟಿತ್ತು.

ಈಗ ಎಲ್ಲ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ನಿನ್ನ ಪತ್ರ ಶನಿವಾರ ರಾತ್ರಿಯೇ ಸಿಕ್ಕಿತು. ಓದಿದೆ. 'ಬೆಳಗಾವಿಯ ಗಾಳಿ ತಲೆಗೇರಿದೆ ಇವಳಿಗೆ' ಎಂದುಕೊಂಡೆ. ಇನ್ನೂ ಏನೇನೋ ಅಂದೆ, ಬರೆಯಲಾರೆ. ರವಿವಾರವಿಡೀ ಅಳತೆಪಟ್ಟಿ ಹಿಡಿದು ಗಣಪ ತ್ರಿಭುಜಗಳನ್ನು ಬರೆದು ಅಳೆದೆ. ಸಣ್ಣದು, ದೊಡ್ಡದು, ಗಿಡ್ಡ, ಉದ್ದ. ಎಲ್ಲದರಲ್ಲೂ ಎರಡು ಬಾಹು ಸಮ. ಮಧ್ಯಬಿಂದುವಿಗೆ ಎಳೆದ ಗೆರೆ, ನೀನು ಹೇಳಿದ ಕೋನ ಸೀಳುವ ಗೆರೆ, ಎರಡೂ ಒಂದರ ಮೇಲೊಂದು ಕೂತವು. ಅದೇ ಗೆರೆ! ಉತ್ತರ ಖರೇ, ಗೆರೆ ಅದೇ, ಮತ್ತೆ ತಪ್ಪು ಎಲ್ಲಿದೆ?

ಸೋಮವಾರ ಬೆಳಿಗ್ಗೆ ಅವಧೂತರಾಯರು ಫಕೀರವ್ವನ ಕಾಗದ ತೆಗೆದುಕೊಂಡು ಬಸ್ ಹತ್ತಿದರು. ಅವರನ್ನು ಬಿಡಲು ನಾನೇ ಹೋಗಿದ್ದೆ. ನಿನ್ನ ಪತ್ರ ನನ್ನ ಅಂಗಿಯ ಕಿಸೆಯಲ್ಲಿತ್ತು. ನಾನು ತಡೆಯಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ನೋಟ್ಸಿನ ತಪ್ಪು ತಿಳಿಯದೆ ಮಾಡಿದ್ದು. ಇದು ತಿಳಿದು ಮಾಡಿದ್ದು.

ಆಮೇಲೆ ಒಂಬತ್ತು ದಿನ ಊಟ ಸೇರಲಿಲ್ಲ. ಐದನೆಯ ತಾರೀಖು ನಿನ್ನ ಎರಡನೆಯ ಪತ್ರ ಬಂತು. ಅವತ್ತೇ ಫಕೀರವ್ವನನ್ನು ಸಾಲಿಗೆ ಕರೆಸಿದೆ. ಬೋರ್ಡಿನ ಮೇಲೆ ಪ್ರಮೇಯ ಬರೆ ಎಂದೆ. ಬರೆದಳು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ಸರ್ವಸಮ ಎಂಬ ಸಾಲಿನ ಮೇಲೆ ಬೆರಳಿಟ್ಟು, "ಇದು ಯಾಕ ಹಿಂಗ?" ಎಂದು ಕೇಳಿದೆ. ಹದಿನಾರು ವರ್ಷದಲ್ಲಿ ಯಾರನ್ನೂ ಹಾಗೆ ಕೇಳಿರಲಿಲ್ಲ.

"ನೀವು ಹೇಳೀರಿ, ಅದಕ್ಕ" ಎಂದಳು.

ಮತ್ತೆ ಕೇಳಿದೆ: "ಮಾಡದ ತಪ್ಪಿಗಿ ಯಾಕವ್ವ ಸಹಿ ಹಾಕಿದಿ?"

"ನೀವು ಹೇಳೀರಿ, ಅದಕ್ಕ."

ಸುಗರಾ, ಆ ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಕುರ್ಚಿಯ ಮೇಲೆ ಕೂತು ಅತ್ತೆ. ಕಲ್ಲಯ್ಯ ಬಂದು ನೀರು ಕೊಟ್ಟ.

ಮರುದಿನ ಹುಕುಂ ಗಿಕುಂ ನೋಡದೆ ಬೆಳಗಾವಿ ಬಸ್ ಹತ್ತಿದೆ. ಕಚೇರಿಯಲ್ಲಿ, ಇದು ನಕಲಲ್ಲ, ನನ್ನ ಪಾಠ ಎಂದೆ. ಅವರು ನಂಬಲಿಲ್ಲ. "ಮಕ್ಕಳನ್ನ ಉಳಸಾಕ ಎಲ್ಲಾ ಮಾಸ್ತರೂ ಹಿಂಗ ಹೇಳತಾರ್ರಿ" ಎಂದರು. ಹಾಗಾದರೆ ಒಂದು ಹಾಳೆ ಕೊಡಿ ಎಂದೆ. ಅವರ ಎದುರಿಗೇ, ನೋಟ್ಸಿಲ್ಲದೆ, ಗಣಪನಿಂದ ಸಂಶಯವಿಲ್ಲದವರೆಗೆ ಬರೆದೆ. ಒಬ್ಬ ಗಣಿತದವರನ್ನು ಕರೆಸಿ ಕಪಾಟಿನಿಂದ ಮೂವತ್ತೇಳು ಪೇಪರು ತೆಗೆಸಿ ಒಂದೊಂದನ್ನೇ ಪಕ್ಕಕ್ಕಿಟ್ಟು ನೋಡಿದರು. ನನ್ನದು ಮೂವತ್ತೆಂಟನೆಯದು. ಆ ಗಣಿತದವರು ವಯಸ್ಸಿನಲ್ಲಿ ನನ್ನ ಮಗನಷ್ಟು. "ಮಾಸ್ತರ, ನಿಮಗೂ ಸೊನ್ನೀನ ಬೀಳತೈತಿ" ಎಂದು ಹೇಳಿ, ಆಮೇಲೆ ತಾವೇ ನಾಚಿಕೊಂಡರು. 'ದೋಷ ನನ್ನ ಬೋಧನೆಯದು, ಮಕ್ಕಳದಲ್ಲ' ಎಂದು ಬರೆದು ಸಹಿ ಹಾಕಿದೆ. ಫಕೀರವ್ವನ ಕಾಗದ ಕೇಳಿ ಇಸಿದುಕೊಂಡು ಅಲ್ಲೇ ಹರಿದೆ.

ಹದಿನಾಲ್ಕಕ್ಕೆ ರಿಸಲ್ಟ್ ಬಿಟ್ಟರು. ಮೂವತ್ತೇಳರಲ್ಲಿ ಇಪ್ಪತ್ತಾರು ಪಾಸು. ನಪಾಸಾದ ಹನ್ನೊಂದರಲ್ಲಿ ನಾಲ್ವರು ಗಣಿತದಲ್ಲಿ ನಾಲ್ಕೈದು ಅಂಕಕ್ಕೆ ಹೋದವರು. ಆ ಐದು ಅಂಕ ಯಾರದೆಂದು ಅವರ ತಂದೆತಾಯಿಗೂ ಗೊತ್ತು. ಸಾಲಿಯ ಮುಂದೆ ಜನ ಸೇರಿದಾಗ ನಾನೇ ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬಾಕೆ ಮಾತ್ರ, "ನಮ್ಮ ಹುಡುಗ ನಿಮ್ಮ ಮಾತ ದೇವರ ಮಾತ ಅಂತಿದ್ದ್ರಿ" ಎಂದು ಹೇಳಿ ಹೋದಳು. ಆ ಮಕ್ಕಳು ಅಕ್ಟೋಬರ್ ಪರೀಕ್ಷೆಗೆ ಕೂಡುತ್ತಾರೆ, ದಿನಾ ಬೆಳಿಗ್ಗೆ ಬರುತ್ತಾರೆ.

ಫಕೀರವ್ವ ಪಾಸಾದಳು. ಇಪ್ಪತ್ತಕ್ಕೆ ಸಂದರ್ಶನಕ್ಕೆ ಹೋಗಿಬಂದಳು, ಸೀಟು ಸಿಕ್ಕಿದೆ. ಉಳವಪ್ಪ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಆಡದಿರಲಿ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳಲಾರೆ. ಹತ್ತು ವರ್ಷ ಸುಮ್ಮನಿದ್ದೆಯಲ್ಲ, ಆ ಹತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ನಾನದನ್ನು ಉಣಿಸಿದೆನೋ. ಆದರೆ ನೀನು ಹೇಳಿದ್ದರೆ ಕೇಳುತ್ತಿದ್ದೆನೇ? ಓಣಿಯ ಜನರ ಮುಂದೆ ನಿನಗೇ ಬೈಯುತ್ತಿದ್ದೆ. ಅದೂ ಖರೇ.

ಈಗ ನಿಜವಾದ ಮಾತು. ನಾನು ಸಹಿ ಹಾಕಿದೆನಲ್ಲ, ಆ ತಪ್ಪು ಏನೆಂದು ನನಗೆ ಇನ್ನೂ ತಿಳಿದಿಲ್ಲ. ನಿನ್ನ ಪತ್ರ ಓದಿ ಓದಿ ಮಡಿಕೆಯಲ್ಲಿ ಹರಿಯಿತು. ಕೋನ ನಡುವೆ ಇರಬೇಕು ಎಂಬುದು ಬಾಯಿಪಾಠ ಆಗಿದೆ. ಯಾಕೆ ಇರಬೇಕು ಎಂಬುದು ಆಗಿಲ್ಲ. ಫಕೀರವ್ವನಿಗೆ ನಿನ್ನ ಪತ್ರದ ಆ ಭಾಗ ತೋರಿಸಿದೆ. ಒಂದೇ ಸಲ ಓದಿದಳು, "ಹೌದಲ್ರೀ!" ಎಂದು ಕಣ್ಣು ಅರಳಿಸಿದಳು. ಈಗ ಬೆಳಿಗ್ಗೆ ಆ ಪ್ರಮೇಯವನ್ನು ಮಕ್ಕಳಿಗೆ ಅವಳೇ ಹೇಳಿಕೊಡುತ್ತಾಳೆ. ನಾನು ಕಡೆಯ ಬೆಂಚಿನಲ್ಲಿ ಕೂತಿರುತ್ತೇನೆ.

ಇವತ್ತು ಮಕ್ಕಳೆಲ್ಲ ಹೋದ ಮೇಲೆ ನನ್ನೊಬ್ಬನಿಗೇ ಮತ್ತೆ ಹೇಳಿದಳು. ಮೂರು ಸಲ. ಮೂರನೆಯ ಸಲಕ್ಕೆ ನನಗೇ ನಾಚಿಕೆಯಾಗಿ, "ತಿಳೀತವ್ವಾ, ತಿಳೀತು" ಎಂದು ತಲೆಯಾಡಿಸಿದೆ. ಅವಳು ಚಾಕ್ ಕೆಳಗಿಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಏನ್ ತಿಳೀತು? ಹೇಳ್ರಿ ನೋಡೂಣು."

ಹೇಳಲು ಬರಲಿಲ್ಲ ಸುಗರಾ. ಅವಳು ಬೋರ್ಡು ಒರೆಸಿ ಮೊದಲಿನಿಂದ ಶುರುಮಾಡಿದಳು.

ತ್ರ್ಯಂಬಕ ಹುದ್ದಾರ